ಕೆಲಸವಿಲ್ಲದ ಎಡಗಾಲು

ನನ್ನ ಗಂಡ ಸಯೀದ್ ದುಬೈಯಲ್ಲಿ ಏಳು ವರ್ಷ ಡ್ರೈವರ್ ಆಗಿದ್ದವರು. ಕಾಪುವಿನಲ್ಲಿ ಇದು ಯಾರಿಗಾದರೂ ಗೊತ್ತಿಲ್ಲದಿದ್ದರೆ ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದರ್ಥ, ಏಕೆಂದರೆ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಎಂಬತ್ತೆರಡರಲ್ಲಿ ಅವರು ರಜೆಯಲ್ಲಿ ಬಂದು ಶಿರ್ವದ ಬೆಂಜಮಿನರ ಹಳೆಯ ಅಂಬಾಸಿಡರ್ ಕೊಂಡಾಗ ಪೇಟೆಯವರೆಲ್ಲ ನೋಡಲೆಂದೇ ನಿಂತಿದ್ದರು.

ಅತ್ತೆ ಖದೀಜಮ್ಮ ಎಲೆಯಡಿಕೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕುಳಿತರು, ನಾನು ಹಿಂದೆ. ಪೇಟೆಯ ತಿರುವಿನವರೆಗೆ ಸವಾರಿ ಸೊಗಸಾಗಿಯೇ ಇತ್ತು. ತಿರುವಿನಲ್ಲಿ ಇವರು ಮೂರನೆಯ ಗಿಯರಿನಿಂದ ಎರಡಕ್ಕೆ ಇಳಿಸಿದರು. ಗರಗರ ಎಂದು ಸದ್ದಾಯಿತು. ಕ್ಲಚ್ಚಿನಿಂದ ಕಾಲು ತೆಗೆದದ್ದೇ ತಡ, ಕಾರು ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಮುಗ್ಗರಿಸಿತು. ಅತ್ತೆಯ ಸುಣ್ಣದ ಡಬ್ಬಿ ಹಾರಿ ಎದುರಿನ ಗಾಜಿಗೆ ಬಡಿಯಿತು.

ಹೋಟೆಲಿನ ಶೀನ ಬಾಗಿಲಲ್ಲೇ ಇದ್ದ. ಇವರ ಶಾಲೆಯ ಗೆಳೆಯ. ಬಿಡುವ ಪೈಕಿ ಅಲ್ಲ.

"ಎಂತ ಮಾರಾಯ, ಅಲ್ಲಿ ಒಂಟೆ ಓಡಿಸುತ್ತಿದ್ದೆಯಾ?"

"ಅಲ್ಲಿಯ ಕಾರಿನಲ್ಲಿ ಗಿಯರ್ ಹಾಕುವ ಕೆಲಸ ಇಲ್ಲ. ಅದೇ ತನ್ನಷ್ಟಕ್ಕೆ ಬದಲಾಗುತ್ತದೆ. ಕ್ಲಚ್ಚೇ ಇಲ್ಲ."

"ಗಿಯರ್ ಇಲ್ಲದ ಕಾರು," ಎಂದು ಶೀನ ಒಳಗೆ ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ ಹೇಳಿದ. ಅವರೆಲ್ಲ ನಕ್ಕರು. ನನಗೆ ಮೈ ಉರಿಯಿತು, ಶೀನನ ಮೇಲೋ ಇವರ ಮೇಲೋ ಎಂದು ಮಾತ್ರ ತಿಳಿಯಲಿಲ್ಲ.

ಅತ್ತೆ ಇಳಿದು ಸೀರೆ ಕೊಡವಿಕೊಂಡರು. "ಕಾರ್ಕಳಕ್ಕೆ ನಾನು ಬಸ್ಸಿನಲ್ಲೇ ಹೋಗುತ್ತೇನೆ," ಎಂದರು.

ಇವರ ಮುಖ ಬಾಡಿತು. ಕಾರು ಕೊಂಡದ್ದೇ ಕಾರ್ಕಳಕ್ಕಾಗಿ. ಅಲ್ಲಿರುವ ತಮ್ಮ ತಂಗಿಯ ಮನೆಗೆ ಅತ್ತೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದನ್ನು ಇವರು ಚಿಕ್ಕಂದಿನಿಂದ ನೋಡಿದ್ದರು. ರಜೆ ಮುಗಿಯುವ ಮೊದಲು ಒಮ್ಮೆಯಾದರೂ ಉಮ್ಮನನ್ನು ತಾನೇ ಕೂರಿಸಿಕೊಂಡು ಹೋಗಬೇಕು ಎಂಬುದೊಂದೇ ಆಸೆ.

ಅತ್ತೆಯ ಹಟಕ್ಕೆ ಕಾರಣ ಸುಣ್ಣದ ಡಬ್ಬಿ ಅಲ್ಲವೆಂದು ಅಡುಗೆಮನೆಯಲ್ಲಿ ಗೊತ್ತಾಯಿತು. ತೆಂಗಿನಕಾಯಿ ತುರಿಯುತ್ತಿದ್ದವರು ಕೈ ನಿಲ್ಲಿಸಿದರು.

"ಜುಬೈದಾ, ಅವನು ಅಲ್ಲಿ ಡ್ರೈವರ್ ಆಗಿರಲಿಲ್ಲ. ಎಲ್ಲಿಯೋ ಮೂಟೆ ಹೊರುತ್ತಿದ್ದ. ನನಗೆ ಬೇಸರ ಆಗುತ್ತದೆ ಅಂತ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವಾಗ ಸುಳ್ಳು ಹೇಳಿದ್ದಾನೆ. ಮೂಟೆ ಹೊತ್ತ ದುಡ್ಡಿನ ಆ ಸೀಟಿನಲ್ಲಿ ನಾನು ಹೇಗೆ ಕೂರುವುದು?"

ನಾನು ಇವರಿಗೆ ಹೇಳಿದೆ. ಆಣೆ ಪ್ರಮಾಣ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಮರುದಿನ ನಾನೂ ಅತ್ತೆಯೂ ಶಿರ್ವಕ್ಕೆ ಹೊರಟಾಗ ಕಾರನ್ನು ಮನೆಯಲ್ಲೇ ಬಿಟ್ಟು ನಮ್ಮ ಹಿಂದೆಯೇ ಬಸ್ಸು ಹತ್ತಿದರು.

ಆಗಿನ ಬಸ್ಸುಗಳಲ್ಲಿ ಇಂಜಿನ್ ಡ್ರೈವರನ ಪಕ್ಕದಲ್ಲೇ ಇರುತ್ತಿತ್ತು, ಅದರ ಬದಿಗೆ ಹೆಂಗಸರ ಸೀಟು. ಅತ್ತೆಯ ಅರ್ಧ ಆಯುಷ್ಯ ಆ ಸದ್ದಿನ ಪಕ್ಕದಲ್ಲೇ ಕಳೆದಿತ್ತು. ಏರು ಬಂದಾಗ ಮಗನನ್ನು ಹತ್ತಿರ ಕರೆದರು.

"ಕೇಳು ಮೋನೇ. ಗಿಯರ್ ಇಳಿಸುವ ಮೊದಲು ಈ ಬಸ್ಸಿನವರು ಒಮ್ಮೆ ರೇಸ್ ಕೊಡುತ್ತಾರೆ. ಇಂಜಿನ್ನನ್ನು ಎಬ್ಬಿಸಿ ಆಮೇಲೆ ಕೆಲಸ ಹೇಳುತ್ತಾರೆ. ನೀನು ಮಲಗಿದ್ದವನ ಕಾಲು ಹಿಡಿದು ಎಳೆಯುತ್ತಿ."

ಇವರು ಬಗ್ಗಿ ಡ್ರೈವರನ ಕಾಲನ್ನೇ ನೋಡತೊಡಗಿದರು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗಿಯರ್. ಇವರ ಎಡಗಾಲೂ ಬಸ್ಸಿನ ಹಲಗೆಯ ಮೇಲೆ ಇಲ್ಲದ ಕ್ಲಚ್ಚನ್ನು ಒತ್ತಿ ಬಿಡುತ್ತಿತ್ತು.

"ಎಂತ ಹುಡುಕುತ್ತೀರಿ?" ಎಂದು ಡ್ರೈವರ್ ಕೇಳಿದ.

"ನಾಲ್ಕಾಣೆ ಬಿತ್ತು," ಎಂದರು ದುಬೈ ಡ್ರೈವರು. ಕಿವಿ ಕೆಂಪಾಗಿ, ಮಾತು ತೊದಲಿ, ಇಡೀ ಬಸ್ಸಿಗೇ ಅದು ಸುಳ್ಳೆಂದು ತಿಳಿಯಿತು. ಅತ್ತೆ ಮಗನ ಕಿವಿಯನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಒಂದು ವಾರ ಶಾಲೆಯ ಮೈದಾನದಲ್ಲಿ ಇವರದ್ದು ಅದೇ ಕೆಲಸ. ಅಲ್ಲಿ ಮೇಯುತ್ತಿದ್ದ ಆಡುಗಳು ಮೊದಲು ಓಡಿಹೋಗುತ್ತಿದ್ದವು, ಕೊನೆಗೆ ತಲೆ ಎತ್ತುವುದನ್ನೂ ಬಿಟ್ಟವು. ಆಡುಗಳಿಗೆ ಒಪ್ಪಿಗೆಯಾದ ಮೇಲೆ ಇವರು ಉಮ್ಮನ ಎದುರು ಕಾರಿನ ಬಾಗಿಲು ತೆರೆದು ನಿಂತರು. ಅತ್ತೆ ಕುಳಿತರು, ಚೀಲವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಶಿರ್ವ ದಾಟಿದ ಮೇಲಿನ ಏರಿನಲ್ಲಿ ಒಂದು ದನ ರಸ್ತೆಗೆ ಅಡ್ಡ ಬಂತು. ಇವರು ಮೆಲ್ಲಗೆ ಬ್ರೇಕ್ ಒತ್ತಿದರು, ನಡುವೆ ಒಂದು ರೇಸ್ ಕೊಟ್ಟರು, ಎರಡನೆಯ ಗಿಯರ್ ಸದ್ದಿಲ್ಲದೆ ಬಿತ್ತು. ಕಾರು ಮುಗ್ಗರಿಸಲೇ ಇಲ್ಲ. ನಾನು ದನವನ್ನು ನೋಡುತ್ತಿದ್ದೆ; ಅತ್ತೆ ನೋಡುತ್ತಿದ್ದದ್ದು ಮಗನ ಕಾಲನ್ನು.

"ಬಲಗಾಲು ಡ್ರೈವರನದ್ದೇ," ಎಂದರು. "ಬ್ರೇಕಿನಿಂದ ರೇಸಿಗೆ ಕಣ್ಣು ಮುಚ್ಚಿ ಹೋಗುತ್ತದೆ. ಎಡಗಾಲು ಮಾತ್ರ ಮೊನ್ನೆ ಕೆಲಸಕ್ಕೆ ಸೇರಿದ್ದು."

"ಅಲ್ಲಿ ಅದಕ್ಕೆ ಏಳು ವರ್ಷ ಕೆಲಸ ಇರಲಿಲ್ಲ ಉಮ್ಮ."

ಅತ್ತೆ ಚೀಲ ಬಿಟ್ಟು, ಮಗನ ಎಡ ಮೊಣಕಾಲಿನ ಮೇಲೆ ಕೈ ಇಟ್ಟರು.

"ಮೂಟೆ ಹೊತ್ತಿದ್ದರೆ ಎರಡೂ ಕಾಲು ದಣಿಯುತ್ತಿದ್ದವು, ಅಲ್ವಾ?"

ಇವರು ಹೌದೆಂದು ತಲೆಯಾಡಿಸಿದರು. ಹಿಂದೆ ಕುಳಿತ ನನಗೆ ಅಳು ಬಂತು. ಇಷ್ಟು ದಿನ ಊರಿನ ಬಾಯಿಗೆ ಹೆದರಿದ್ದವಳು ನಾನು. ಅತ್ತೆ ಹೆದರಿದ್ದು ಮಗನ ಹೆಗಲಿಗಾಗಿ.

ಕಾರ್ಕಳದಲ್ಲಿ ತಂಗಿ ಆಮಿನಮ್ಮ ಅಂಗಳಕ್ಕೇ ಓಡಿ ಬಂದರು. ಅತ್ತೆ ಇನ್ನೂ ಕಾರಿನಿಂದ ಪೂರ್ತಿ ಇಳಿದಿರಲಿಲ್ಲ.

"ನಮ್ಮ ಸಯೀದ್ ಅಲ್ಲಿ ಏಳು ವರ್ಷ ಗಿಯರ್ ಇಲ್ಲದ ಕಾರು ಓಡಿಸಿದ್ದಾನೆ," ಎಂದರು.

"ಗಿಯರ್ ಇಲ್ಲದ ಕಾರಾ?" ಆಮಿನಮ್ಮ ನಕ್ಕರು. "ಯಾರು ಹೇಳಿದ್ದು?"

ಅತ್ತೆ ನಗಲಿಲ್ಲ. ತಂಗಿಯ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಬಂದರು.

"ಅವನ ಎಡಗಾಲು ನೋಡು," ಎಂದರು.