ಬಚ್ಚಲುಮನೆಯ ಕಂದು ಹೊಗೆ

ವಿನಯಾ ಕುಂದಾಪುರದ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಅಟೆಂಡರ್. ಗಂಡ ರಾಘವೇಂದ್ರನದು ಅದೇ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೆಟ್ಟ ಫೋನು, ಕಂಪ್ಯೂಟರುಗಳ ಬೋರ್ಡನ್ನು ಅವನು ಎಂದೂ ಎಸೆದವನಲ್ಲ. ಹತ್ತಿರದ ಹಳ್ಳಿ ಕೆರಾಡಿಯ ಅವರ ಮನೆಯಲ್ಲಿ ಅಂಥವೇ ಎರಡು ಗೋಣಿ ತುಂಬಿದ್ದವು. ಆ್ಯಸಿಡ್‌ನಲ್ಲಿ ಹಾಕಿದರೆ ಅವುಗಳಿಗೆ ಲೇಪಿಸಿದ ಚಿನ್ನ ಬಿಡುತ್ತದೆ ಎಂಬ ವಿಡಿಯೊ ನೋಡಿದ ಮೇಲಂತೂ ಅವನಿಗೆ ಅದೇ ಧ್ಯಾನ.

"ಮನಿಯಂಗೆ ಅದೆಲ್ಲ ಮಾಡೂಕಾಗ" ಎಂದು ವಿನಯಾ ಹೇಳಿದ್ದಳು. ಅವನು ಹೂಂಗುಟ್ಟಿದ್ದ.

ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಕೊಟ್ಟು ಬಂದವಳಿಗೆ ಬಚ್ಚಲಿನ ಹೆಂಚಿನ ಸಂದಿಯಿಂದ ಕಂದು ಹೊಗೆ ಏಳುವುದು ಕಂಡಿತು. ಬೋರ್ಡುಗಳನ್ನು ಬಕೆಟ್ಟಿನ ಆ್ಯಸಿಡ್‌ಗೆ ಹಾಕಿ, ನೆರೆಯವರಿಗೆ ವಾಸನೆ ಹೋಗಬಾರದೆಂದು ಅವನು ಬಾಗಿಲು ಮುಚ್ಚಿಕೊಂಡಿದ್ದ.

"ಹ್ವಾಯ್! ಹೊರ್ಗ್ ಬನಿ!"

ಒಳಗಿಂದ ಕೆಮ್ಮು ಕೇಳಿಸಿತು. ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಬಾಗಿಲು ದೂಡಿ, ರಟ್ಟೆ ಹಿಡಿದು ಅವನನ್ನು ಅಂಗಳಕ್ಕೆ ಎಳೆದು ತಂದಳು. ಹತ್ತು ನಿಮಿಷದಲ್ಲಿ ಅವನು ಎದ್ದು ಕೂತ.

"ನಂಗ್ ಎಂತದೂ ಆಯ್ಲಿಲ್ಲ ಮಾರಾಯ್ತಿ."

"ಈ ಹೊಗಿ ಈಗ ಎಂತದೂ ಮಾಡುದಿಲ್ಲ. ಐದಾರು ಗಂಟಿ ಕಳ್ದ್ ಮೇಲ್ ಮಾಡತ್ತ್. ರಿಕ್ಷಾ ಹತ್ತಿ."

ದಾರಿಯುದ್ದಕ್ಕೂ ಅವನು ಗೊಣಗಿದ. ಆಸ್ಪತ್ರೆಯ ಎಳೆಯ ಡಾಕ್ಟರು ಎದೆ ಪರೀಕ್ಷಿಸಿ, ಮನೆಗೆ ಹೋಗಬಹುದು ಎಂದರು. ವಿನಯಾ ಜಗ್ಗಲಿಲ್ಲ. ನೈಟ್ರಿಕ್ ಆ್ಯಸಿಡ್‌ನ ಹೊಗೆ, ಅದರಲ್ಲಿ ತಾಮ್ರ ಕರಗುತ್ತಿತ್ತು ಎಂದು ಬಿಡಿಸಿ ಹೇಳಿದಳು. ಡಾಕ್ಟರು ಹಿರಿಯರೊಬ್ಬರಿಗೆ ಫೋನ್ ಮಾಡಿದರು; ಫೋನ್ ಇಟ್ಟವರೇ ಹಾಸಿಗೆ ಕೊಟ್ಟರು.

ಮಧ್ಯಾಹ್ನ ಮೂರಕ್ಕೆ ರಾಘವೇಂದ್ರನ ಉಸಿರು ಕಟ್ಟತೊಡಗಿತು. ತುಟಿ ನೀಲಿಯಾಯಿತು. ಆಕ್ಸಿಜನ್ ಕೈಗೆಟುಕುವಲ್ಲೇ ಇತ್ತು. ಮನೆಯಲ್ಲಿದ್ದಿದ್ದರೆ ಆಸ್ಪತ್ರೆಗೆ ತರುವ ದಾರಿಯಲ್ಲೇ ಜೀವ ಹೋಗುತ್ತಿತ್ತು ಎಂದು ಆಮೇಲೆ ಡಾಕ್ಟರೇ ಹೇಳಿದರು.

ಏಳನೆಯ ದಿನ ಮನೆಗೆ ಬಂದವನು ಮೊದಲು ಕೇಳಿದ್ದು, "ಆ ಬಕೆಟ್?"

ಅದರ ಆ್ಯಸಿಡ್‌ಗೆ ಅವಳು ಸುಣ್ಣ ಹಾಕಿ ತೀಕ್ಷ್ಣತೆ ಕಳೆದು, ಕ್ಯಾನಿನಲ್ಲಿ ತುಂಬಿ, ಲ್ಯಾಬಿನ ತ್ಯಾಜ್ಯದ ಜೊತೆ ಕಳಿಸಿದ್ದಳು. ಅದಕ್ಕೂ ಮೊದಲು ಸೋಸಿ ಇಟ್ಟದ್ದನ್ನು ಅವನ ಮುಂದೆ ಬಿಚ್ಚಿದಳು. ಕಾಗದದ ನಡುವೆ ಉಗುರಿನ ಚೂರಿನಷ್ಟು ಹಳದಿ ಪೊರೆ.

"ಇಷ್ಟೆಯಾ?"

"ಇಷ್ಟೆ."

ಅವನು ಕಾಗದ ಮಡಚಿ ಬದಿಗಿಟ್ಟ. "ಆ ಗೋಣಿ ಎಂತ ಮಾಡುದ್?"

"ಲೈಸೆನ್ಸ್ ಇದ್ದ್ ಇ-ವೇಸ್ಟ್ ಕಂಪ್ನಿಯರಿಗ್ ಹೇಳಿದ್ದೆ. ಇವತ್ತ್ ಗಾಡಿ ಬತ್ತ್."

ಗಾಡಿ ಬಂದಾಗ ಒಂದು ಗೋಣಿ ಎಳೆಯಹೋದ ರಾಘವೇಂದ್ರನಿಗೆ ಅರ್ಧ ಅಂಗಳದಲ್ಲೇ ಏದುಸಿರು ಬಂತು. ವಿನಯಾ ಬೈಯಲಿಲ್ಲ, ಬಂದು ಇನ್ನೊಂದು ತುದಿ ಹಿಡಿದಳು.