ಅಮಾಲ್ಫಿಯಲ್ಲಿ ಅಮಾವಾಸ್ಯೆ

"ಇದೆಂತ ಸಮುದ್ರ ಮಾರಾಯ? ಪಣಂಬೂರಿನ ಒಂದು ತೆರೆ ಬಂದ್ರೆ ಈ ಊರು ಇಡೀ ತೊಳೆದು ಹೋಗ್ತದೆ," ಎಂದರು ತಿರುಮಲೇಶ್ವರ.

ಅಮಾಲ್ಫಿಯ ದಡದಲ್ಲಿ ದೋಣಿ ಕಾಯುತ್ತಿದ್ದ ಪುತ್ತೂರಿನ ಗುಂಪಿನಲ್ಲಿ ಯಾರೂ ನಗಲಿಲ್ಲ. ಇಟಲಿಗೆ ಬಂದಂದಿನಿಂದ ಅವರದು ಇದೇ ರಾಗ. ಬಂಡೆಯ ಅಂಚಿನಲ್ಲಿ ಬಸ್ಸು ತಿರುಗಿ, ಕೆಳಗೆ ನೀಲಿ ಕಡಲು ಬಾಯ್ದೆರೆದು ಎಲ್ಲರೂ ಉಸಿರು ಹಿಡಿದರೆ, "ಚಾರ್ಮಾಡಿ ಘಾಟಿಯ ಮುಂದೆ ಇದು ಎಂತ ಉಂಟು?" ಇಳಿಜಾರಿನ ನಿಂಬೆತೋಟ ಕಂಡರೆ, "ನಮ್ಮ ಕಂಚಿಹುಳಿಯ ಸಿಪ್ಪೆಗೆ ಸಮ ಇಲ್ಲ." ಆದರೂ ಕಂಡಕಂಡದ್ದರ ಮುಂದೆಲ್ಲ ಹೆಂಡತಿ ಪರಮೇಶ್ವರಿಯನ್ನು ನಿಲ್ಲಿಸಿ, ಫೋಟೊ ಹೊಡೆದು, ಸವಣೂರಿನ ನೆಂಟರಿಗೆ ಕಳಿಸುವುದು ತಪ್ಪುತ್ತಿರಲಿಲ್ಲ. ಹೊಗಳಿದರೆ ತನ್ನ ಆಸ್ತಿಯಲ್ಲಿ ಒಂದು ಸೆಂಟ್ಸು ಕಡಿಮೆಯಾದೀತೆಂದು ಅಂಜುವ ಮನುಷ್ಯ, ತೆಗಳಲಿಕ್ಕೆಂದೇ ಇಷ್ಟು ದೂರ ಬಂದಿದ್ದರು.

"ಇವತ್ತು ಮಹಾಲಯ ಅಮಾವಾಸ್ಯೆ," ಎಂದರು ಪರಮೇಶ್ವರಿ.

"ಅದಕ್ಕೆ?"

"ಅಮ್ಮ ಹೋಗಿ ವರ್ಷ ಆಯ್ತು. ಅಮ್ಮನ ಹೆಸರಲ್ಲಿ ಒಂದು ಮುಳುಗು ಹಾಕ್ತೇನೆ. ನೀವು ಸಂಕಲ್ಪ ಹೇಳಿ."

ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟು ಸಮುದ್ರ ಮುಟ್ಟಬಾರದು ಎಂಬುದು ತಿರುಮಲೇಶ್ವರರ ಮನೆಯ ನೇಮ. ಮಂಗಳೂರಿಗೆ ಹೋದಾಗಲೆಲ್ಲ ಆ ನೇಮ ಹೆಂಡತಿಯನ್ನು ಮರಳಿನಲ್ಲೇ ನಿಲ್ಲಿಸುತ್ತಿತ್ತು. ಅಮಾವಾಸ್ಯೆ ಬಂದರೆ ಗಂಡನಿಗೆ ತೋಟದಲ್ಲಿ ಕೆಲಸ ಬರುತ್ತಿತ್ತು. ಮದುವೆಯಾಗಿ ಬಂದ ಮೇಲೆ ಪರಮೇಶ್ವರಿಯ ಕಾಲಿಗೆ ಕಡಲ ನೀರು ತಾಗಿದ್ದಿಲ್ಲ. ಇನ್ನು ಸಂಕಲ್ಪ: ಯಾವ ದೇಶ, ಯಾವ ತಿಥಿ, ಮುಳುಗುವವರು ಯಾರು ಎಂದು ಮೊದಲೇ ಹೇಳಿಕೊಳ್ಳುವ ಆ ನಾಲ್ಕು ಮಾತು ಗಂಡಸರ ಬಾಯಿಯದು. ಹೆಂಗಸರು ಅದರಲ್ಲಿ ‘ಧರ್ಮಪತ್ನೀ ಸಮೇತ’ ಎಂದು ಬಂದು ಹೋಗುವವರು.

"ಎಂತ ಹೇಳುದು? ಭರತಖಂಡೇ ಅಂತ ಹೇಳ್ಲಿಕ್ಕೆ ಆಗ್ತದಾ? ಪರಶುರಾಮ ಕ್ಷೇತ್ರವಾ ಇದು? ನಿನ್ನ ಅಮ್ಮನಿಗೆ ಅಡ್ರೆಸ್ ಸಿಕ್ಕುದು ಬೇಡವಾ?" ತಮ್ಮ ತಮಾಷೆ ತಮಗೇ ರುಚಿಸಿ, ಪುತ್ತೂರು ಪೇಟೆಯ ದರ್ಬೆಯಲ್ಲಿ ಟ್ರಾವೆಲ್ಸ್ ಇಟ್ಟು ಈ ಪ್ರವಾಸ ಹೊರಡಿಸಿದ ಸಮದನ ಕಡೆ ತಿರುಗಿದರು. "ಅಲ್ವಾ ಸಮದ್? ಇಲ್ಲಿಯ ಅಮಾವಾಸ್ಯೆ ನಮಗೆ ಲೆಕ್ಕ ಉಂಟಾ?"

"ಚಂದ್ರ ಒಬ್ಬನೇ ಅಲ್ವಾ ಅಣ್ಣ? ನಮ್ಮ ಪೆರ್ನಾಳ್ ಹಬ್ಬಕ್ಕೂ ಅವನೇ ಬರ್ಬೇಕು," ಎಂದ ಸಮದ್. "ಅಕ್ಕ ಬೇಕಾದ್ರೆ ಇಲ್ಲೇ ಇರ್ಲಿ. ದೋಣಿ ಒಂದು ಸುತ್ತು ಹಾಕಿ ಇಲ್ಲಿಗೇ ಬರುದು. ನಾನೂ ಇರ್ತೇನೆ."

"ಸೀರೆ ಒದ್ದೆ ಮಾಡಿಕೊಂಡು ಬಸ್ಸು ಹತ್ತುದಾ? ಜನ ನಗ್ತಾರೆ."

ಪರಮೇಶ್ವರಿ ದಡದುದ್ದಕ್ಕೂ ಬಿಸಿಲಿಗೆ ಮೈಚಾಚಿದ್ದವರನ್ನು ಒಮ್ಮೆ ನೋಡಿದರು. "ಸೀರೆ ನೋಡಿ ನಗುವಷ್ಟು ಬಟ್ಟೆ ಇಲ್ಲಿ ಯಾರ ಮೈಮೇಲೆ ಉಂಟು? ನಿನ್ನೆ ಪೊಸಿಟಾನೊದಲ್ಲಿ ನೀವು ಪ್ಯಾಂಟು ಮಡಚಿ ನೀರಿಗಿಳಿದದ್ದು ಯಾವ ಪರ್ವಕ್ಕೆ? ನಿನ್ನೆ ಚತುರ್ದಶಿ."

"ಅದು ಫೋಟೊಕ್ಕೆ," ಎಂದರು ತಿರುಮಲೇಶ್ವರ.

ಸಂತೆಯಲ್ಲಿ ಹುಳುಕು ಬದನೆಯನ್ನು ಮತ್ತೆ ರಾಶಿಗೇ ಹಾಕುವಂತೆ ಪರಮೇಶ್ವರಿ ಗಂಡನ ಮುಖದಿಂದ ಕಣ್ಣು ತೆಗೆದರು.

ದೋಣಿ ಬಂತು. ತಿರುಮಲೇಶ್ವರ ಹಿಂದೆ ನೋಡದೆ ಹತ್ತಿದರು. ಹೆಂಡತಿ ಹಿಂದಿನಿಂದ ಬಂದೇ ಬರುತ್ತಾಳೆಂದು ಪಕ್ಕದ ಸೀಟಿನ ಮೇಲೆ ಟೋಪಿ ಇಟ್ಟು ಜಾಗ ಹಿಡಿದರು. ದೋಣಿ ಬಿಟ್ಟಾಗಲೂ ಟೋಪಿ ಅಲ್ಲೇ ಇತ್ತು.

"ಕಲ್ಲು ಜಾರ್ತದೆ ಅಕ್ಕ, ಜಾಗ್ರತೆ," ಎಂದ ಸಮದ್, ಪರಮೇಶ್ವರಿಯ ಚೀಲ, ಕನ್ನಡಕ, ಚಪ್ಪಲಿ ತೆಗೆದುಕೊಂಡು, ಕಡಲಿಗೆ ಬೆನ್ನು ಹಾಕಿ ಊರಿನ ಕಡೆ ಮುಖ ಮಾಡಿ ನಿಂತ.

ನೀರು ಎಣಿಸಿದ್ದಕ್ಕಿಂತ ತಣ್ಣಗಿತ್ತು. ಸೊಂಟದವರೆಗೆ ಬಂದಾಗ ಪರಮೇಶ್ವರಿ ಕೈಮುಗಿದರು. ಹೇಳಿಕೊಡುವ ಬಾಯಿ ಇರಲಿಲ್ಲ. ಬಾಯಿಗೆ ಬಂದದ್ದನ್ನೇ ಹೇಳಿದರು.

"ಇಟಲಿ ದೇಶದಲ್ಲಿ, ಅಮಾಲ್ಫಿ ಎಂಬ ಊರಲ್ಲಿ, ಹೆಸರು ಗೊತ್ತಿಲ್ಲದ ಈ ಬೆಟ್ಟದ ಬುಡದಲ್ಲಿ, ಮಹಾಲಯ ಅಮಾವಾಸ್ಯೆಯ ದಿನ, ಪರಮೇಶ್ವರಿ ಎಂಬ ನಾನು, ಅಮ್ಮನಿಗೋಸ್ಕರ..." ಸ್ವಲ್ಪ ತಡೆದು, "ನನಗೋಸ್ಕರವೂ," ಎಂದು ಮುಳುಗಿದರು.

ಎದ್ದಾಗ ದೋಣಿ ಅಷ್ಟು ದೂರದಲ್ಲಿ ಹಾದುಹೋಗುತ್ತಿತ್ತು. ಮುಂದುಗಡೆ ತಿರುಮಲೇಶ್ವರ ನಿಂತಿದ್ದರು. ಫೋಟೊಕ್ಕೆಂದು ಅವರು ಎತ್ತಿ ಹಿಡಿದ ಮೊಬೈಲು ಹೆಂಡತಿಯ ತಲೆಯ ಮೇಲಿಂದ ದಾಟಿ, ಬೆಟ್ಟದ ಬಣ್ಣಬಣ್ಣದ ಮನೆಗಳ ಕಡೆ ಸಾಗಿತು. ಪರಮೇಶ್ವರಿ ಕೈ ಎತ್ತಲಿಲ್ಲ. ಸೆರಗು ಬೆನ್ನ ಹಿಂದೆ ನೀರಿನ ಮೇಲೆ ಹರಡಿತ್ತು. ನೆತ್ತಿಯಿಂದ ಇಳಿದ ಹನಿ ತುಟಿಗೆ ಬಂತು. ಉಪ್ಪು. ಅವರು ಮೂಗು ಹಿಡಿದು ಇನ್ನೊಮ್ಮೆ ಮುಳುಗಿದರು.