ಜಿಗಣಿಯ ರೊಟ್ಟಿ ಮಷಿನ್ ಮುನಿಸಿಕೊಂಡ ದಿನ

ವಿಜಯದಶಮಿಯ ಮಾರನೇ ದಿನ ಬೆಳಿಗ್ಗೆ ಮಹಾದೇವಿಯ ರೊಟ್ಟಿ ಮಷಿನ್ ಕೈ ಕೊಟ್ಟಿತು. ಕೊಡುವುದಕ್ಕೆ ಬೇರೆ ದಿನವೇ ಇರಲಿಲ್ಲವೇ ಅದಕ್ಕೆ? ಅವತ್ತೇ ಮಧ್ಯಾಹ್ನದ ಊಟಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಕ್ಯಾಂಟೀನಿಗೆ ಅವಳ ಜೋಳದ ರೊಟ್ಟಿ ಹೋಗಬೇಕಿತ್ತು. ಒಂದೇ ದಿನದ ಪರೀಕ್ಷೆ. ತಿಂದವರು ಮೆಚ್ಚಿದರೆ ದಿನವೂ ಅವಳದೇ ರೊಟ್ಟಿ. ತಪ್ಪಿದರೆ ಆ ಜಾಗಕ್ಕೆ ಬೇರೆಯವರು ತುದಿಗಾಲಲ್ಲಿ ನಿಂತಿದ್ದರು.

ಮಹಾದೇವಿ ಬಾದಾಮಿ ಕಡೆಯವಳು. ಗಂಡ ಹಣಮಂತನ ಜೊತೆ ಜಿಗಣಿಗೆ ಬಂದು, ಮೊದಮೊದಲು ಕಟ್ಟಡದ ಕೆಲಸ ಮಾಡಿ, ಆಮೇಲೆ ಕಾರ್ಖಾನೆಗಳ ಹಿಂದಿನ ರಸ್ತೆಯಲ್ಲಿ ಒಂದು ಖಾನಾವಳಿ ಹಾಕಿದ್ದಳು. ರೊಟ್ಟಿ ಬಡಿದೂ ಬಡಿದೂ ಬಲಗೈ ಮಣಿಕಟ್ಟು ಹೋಯಿತು. ಇನ್ನೂ ಬಡಿದರೆ ತಂಬಿಗೆ ಎತ್ತುವುದಕ್ಕೂ ಕೈ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿದ ಮೇಲೆ ಮಷಿನ್ ಬಂತು. ಉಂಡೆ ಇಟ್ಟು ಗುಂಡಿ ಒತ್ತಿದರೆ ಮೇಲಿನ ತಟ್ಟೆ ಇಳಿದು ರೊಟ್ಟಿ ಒತ್ತಿಕೊಡುತ್ತಿತ್ತು. ಬೇಯಿಸುವುದಷ್ಟೇ ಬಾಕಿ.

ಹಣಮಂತ ಒಂದು ಪೇಂಟ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಪೇಂಟಿನ ಗಾಳಿ ಕುಡಿದು ಕುಡಿದು ಅವನ ಕೆಮ್ಮು ಈಗ ಪಕ್ಕದ ಮನೆಯವರಿಗೂ ಗುರುತಾಗಿಬಿಟ್ಟಿತ್ತು. ಕ್ಯಾಂಟೀನಿನ ಆರ್ಡರ್ ಸಿಕ್ಕರೆ ಮೊದಲು ಅವನನ್ನು ಅಲ್ಲಿಂದ ಬಿಡಿಸಬೇಕು. ಮಹಾದೇವಿ ಹಟ ಹಿಡಿದಿದ್ದು ಅದಕ್ಕೇ.

ಈಗ ನೋಡಿದರೆ ಗುಂಡಿ ಒತ್ತಿದಾಗೆಲ್ಲ ಕೆಂಪು ದೀಪ ಹತ್ತುತ್ತದೆ, ತಟ್ಟೆ ಮಾತ್ರ ಅಲುಗುವುದಿಲ್ಲ. ಹಣಮಂತ ಸ್ವಿಚ್ ಹಾಕಿದ, ತೆಗೆದ, ಮಷಿನ್ನಿನ ಬೆನ್ನಿಗೆ ಎರಡು ಗುದ್ದಿದ. ಮಾರಿದವನ ಫೋನು ಹಬ್ಬದ ರಜೆ ಎಂದಿತು. ಹಣಮಂತ ತಲೆ ಮೇಲೆ ಕೈ ಹೊತ್ತು ಕೂತ.

ಮಹಾದೇವಿ ಕೂರಲಿಲ್ಲ. ಅವಳ ಫೋನಿನಲ್ಲಿ 'ಗೊತ್ತಿದ್ರೆ ಹೇಳಿ' ಎಂಬ ಒಂದು ಗುಂಪಿತ್ತು. ಹಾಲು ಯಾಕೆ ಒಡೆಯಿತು ಎಂಬುದರಿಂದ ಹಿಡಿದು ಬೋರ್‌ವೆಲ್ ಯಾಕೆ ಕೆಸರು ಕಕ್ಕುತ್ತದೆ ಎಂಬುದರತನಕ ಜನ ಅಲ್ಲಿ ಕೇಳುತ್ತಿದ್ದರು. ಅವಳು ಕೆಂಪು ದೀಪದ ಫೋಟೋ ಹಾಕಿ ಬರೆದಳು: "ರೊಟ್ಟಿ ಮಷಿನ್ ಚಾಲೂ ಆಗವಲ್ದು. ಮಧ್ಯಾಹ್ನದೊಳಗ ರೊಟ್ಟಿ ಕೊಡಬೇಕ್ರಿ. ಯಾರಿಗರ ಗೊತ್ತಿದ್ರ ಹೇಳ್ರಿ."

ಪುಕ್ಕಟೆ ಸಲಹೆಗೆ ನಮ್ಮಲ್ಲಿ ಬರವುಂಟೇ? ಮೋಟರ್ ಸುಟ್ಟಿದೆ ಎಂದ ಒಬ್ಬ. ಗುಜರಿಗೆ ಹಾಕಿ ಎಂದ ಇನ್ನೊಬ್ಬ ಪುಣ್ಯಾತ್ಮ. ಮತ್ತೊಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿ ಹೋದರು.

"ಗುರ್ತಿಲ್ಲ, ಪರಿಚಯ ಇಲ್ಲ. ಇವ್ರೇನ್ ನಮ್ಮ ಬೀಗರೇನ, ಬಂದು ಉದ್ಧಾರ ಮಾಡಾಕ?" ಎಂದ ಹಣಮಂತ.

"ಬೀಗ್ರು ಬಂದ್ರ ಉಂಡು ಹೋಗ್ತಾರ. ಇವ್ರರ ಏನಾಗೈತಿ ಅಂತ ಕೇಳಾಕತ್ತಾರ. ಸುಮ್ನ ಕುಂದರ್ರಿ."

ಅಷ್ಟರಲ್ಲಿ ಪೀಣ್ಯದ ವಿನಾಯಕ್ ಎಂಬುವವನು ಬರೆದ: "ಅಕ್ಕ, ಮೋಟರ್ ಹೋಗಿದ್ರೆ ಹೀಗೆ ಲೈಟ್ ಬರಲ್ಲ. ಒತ್ತೋ ಜಾಗದ ಎರಡೂ ಕಡೆ ಗಾಜಿನ ಕಣ್ಣಿನ ಥರ ಸೆನ್ಸರ್ ಇರುತ್ತೆ. ಕೈ ಒಳಗಿದ್ರೆ ತಟ್ಟೆ ಇಳೀಬಾರ್ದು ಅಂತ. ಮಧ್ಯೆ ಏನಾದ್ರೂ ಅಡ್ಡ ಇದ್ಯಾ ನೋಡಿ."

ಮಹಾದೇವಿ ಬಗ್ಗಿ ನೋಡಿದಳು. ತಟ್ಟೆಗಳ ನಡುವೆ ಒಂದು ಚೂರು ಹಿಟ್ಟೂ ಇರಲಿಲ್ಲ. "ಏನೂ ಇಲ್ರಿ ಅಣ್ಣಾರ, ಖಾಲಿ ಐತಿ" ಎಂದು ಬರೆದು, ಹೊತ್ತು ನೋಡಿ, ತಡೆಯಲಾರದೆ ಕೈಯಿಂದಲೇ ಬಡಿಯಲು ಕೂತಳು. ನಾಲ್ಕನೇ ರೊಟ್ಟಿಗೆ ಮಣಿಕಟ್ಟಿನಿಂದ ಮೊಣಕೈತನಕ ಬೆಂಕಿ ಹತ್ತಿದಂತಾಗಿ ಉಂಡೆ ಕೈಯಿಂದ ಜಾರಿತು. ಕಣ್ಣಲ್ಲಿ ನೀರು ಬಂತು. ಕೈ ನೋವಿಗೆ ಸ್ವಲ್ಪ, ಬಾಕಿಯೆಲ್ಲ ಕೈತಪ್ಪುವ ಆರ್ಡರಿಗೆ.

ಆಗ ಬಂತು ಸಿಂಗಸಂದ್ರದ ಸುಬ್ಬಲಕ್ಷ್ಮಿ ಎಂಬುವವರ ಪ್ರಶ್ನೆ: "ಆಯುಧಪೂಜೆ ಮಾಡಿದ್ರೇನಮ್ಮ?"

ಈ ಗಡಿಬಿಡಿಯಲ್ಲಿ ಇವರಿಗೊಂದು ಹಬ್ಬದ ಸಮಾಚಾರ! ಸಿಟ್ಟು ನುಂಗಿಕೊಂಡು ಮಹಾದೇವಿ ಉತ್ತರಿಸಿದಳು: "ಮಾಡೇವ್ರಿ. ಭಾರಿ ಚೊಲೊ ಮಾಡೇವಿ. ಪೂಜಿ ಆದಮ್ಯಾಲ ಮಷಿನ್ ಮುಟ್ಟಿಲ್ರಿ."

"ಕುಂಕುಮ ಎಲ್ಲೆಲ್ಲಿ ಹಚ್ಚಿದ್ರಿ?"

ಅವಳು ಗಂಡನ ಕಡೆ ತಿರುಗಿ ಅದನ್ನೇ ಕೇಳಿದಳು. ಹಣಮಂತನ ಮುಖ ಅಷ್ಟು ದುಃಖದಲ್ಲೂ ಅರಳಿತು. "ಕಣ್ಣ ಮ್ಯಾಲ. ಮತ್ತೆಲ್ಲಿ ಹಚ್ತಾರ? ಎರಡೂ ಕಡೆ ದುಂಡಗ ಕಣ್ಣಿದ್ದಂಗ ಅದಾವಲ್ಲ, ವಿಭೂತಿ ಎಳೆದು ನಡುವ ದಪ್ಪಗ ಕುಂಕುಮ ಇಟ್ಟೆ. ಲಕ್ಷ್ಮೀ ಗತೆ ಕಂಡ್ಳು."

ಇಬ್ಬರೂ ಒಟ್ಟಿಗೇ ಮಷಿನ್ ನೋಡಿದರು. ಆ ಕುಂಕುಮ ಬೆಳಗಿನಿಂದ ಅಲ್ಲೇ ಇತ್ತು, ಅವಳ ಮೂಗಿನ ಮುಂದೆಯೇ. ಕುಂಕುಮವೂ ಅಡ್ಡ ಬರುತ್ತದೆ ಎಂದು ಯಾವ ಹೆಣ್ಣುಮಗಳಿಗೆ ತಾನೆ ಹೊಳೆದೀತು? ಕಣ್ಣು ಕಾಣದ ಮಷಿನ್ ಪಾಪ, ಯಾರದೋ ಕೈ ಒಳಗಿದೆ ಎಂದು ತಿಳಿದು ಹೆದರಿ ಕೂತಿತ್ತು.

ಮಹಾದೇವಿ ಒರೆಸುವ ಬಟ್ಟೆ ತಗೊಂಡಳು. ಹಣಮಂತ ಅಡ್ಡ ನಿಂತ. "ಪೂಜಿ ಕುಂಕುಮ ಮುತ್ತೈದಿ ಕೈಲೆ ಅಳಸ್ತಾರೇನ? ಅದೂ ಇಂಥಾ ದಿನ?"

ಅವಳ ಕೈಯೂ ನಿಂತಿತು. ಗಂಡನಿಗೆ ಬೈಯುವ ಮನಸ್ಸಿತ್ತು, ಆದರೆ ಅದೇ ಭಯ ಅವಳಿಗೂ ಇತ್ತು. ನಾಚಿಕೆ ಪಡದೆ ಅದನ್ನೂ ಬರೆದಳು: "ಆ ಗಾಜಿನ ಕಣ್ಣ ಮ್ಯಾಲನ ಕುಂಕುಮ ಐತ್ರಿ. ಅಳಸಾಕ ಮನಸ್ ಬರವಲ್ದ್ರೀ."

ಕೊಂಚ ಹೊತ್ತಿಗೆ ಸುಬ್ಬಲಕ್ಷ್ಮಿಯವರ ಉತ್ತರ ಬಂತು. "ಅಳಿಸ್ಬೇಡಿ ತಾಯಿ. ನಾನು ಸರ್ಕಾರಿ ಫ್ಯಾಕ್ಟರಿಯಿಂದ ರಿಟೈರ್ ಆದವಳು. ಪ್ರತಿ ವರ್ಷ ಹಬ್ಬ ಮುಗಿಸಿ ಹೋದ್ರೆ ನಮ್ಮ ಮಷಿನ್‌ಗಳೂ ಹೀಗೇ ಮುನಿಸ್ಕೊಂಡು ನಿಂತಿರೋವು. ನಾವೂ ಅಳಿಸ್ತಿರ್ಲಿಲ್ಲ, ಬೆರಳಲ್ಲಿ ತಗೊಂಡು ನಮ್ಮ ಹಣೆಗೆ ಇಟ್ಕೊತಿದ್ವಿ. ಪ್ರಸಾದ ಅಲ್ವಾ? ಮೊದ್ಲು ಕರೆಂಟ್ ತೆಗೀರಿ. ಕುಂಕುಮ ಹಣೆಗೆ ಬಂದ್ಮೇಲೆ ಗಾಜನ್ನ ಮೆತ್ತನೆ ಬಟ್ಟೇಲಿ ಒರೆಸಿ."

ಮಹಾದೇವಿ ಓದಿ ಹಣಮಂತನಿಗೆ ಕೇಳಿಸಿದಳು. ಅವನು ಪ್ಲಗ್ ಕಿತ್ತ. ಒಂದು ಕಣ್ಣಿನ ಕುಂಕುಮ ಅವಳ ಹಣೆಗೆ ಬಂತು, ಇನ್ನೊಂದರದು ಅವನ ಹಣೆಗೆ. ವಿಭೂತಿಯೂ ಹೋಯಿತು, ಗಾಜು ಫಳಫಳ ಹೊಳೆಯಿತು. ಪ್ಲಗ್ ಹಾಕಿ, ಉಂಡೆ ಇಟ್ಟು ಗುಂಡಿ ಒತ್ತಿದರೆ ಹಸಿರು ದೀಪ, ಧಪ್ಪನೆ ತಟ್ಟೆ ಇಳಿದು, ಎದ್ದಾಗ ನೋಡಿ, ಪೂರ್ಣಚಂದ್ರನಂಥ ರೊಟ್ಟಿ.

"ಚಾಲೂ ಆತ್ರೀ!" ಎಂದು ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅದರ ವಿಡಿಯೋ ಗುಂಪಿಗೆ ಹೋಯಿತು. ಜನ್ಮದಲ್ಲಿ ಅವಳ ಮುಖ ನೋಡದ ಜನ, ತಮ್ಮ ಮನೆಯಲ್ಲೇ ಮದುವೆ ಕೂಡಿಬಂದಂತೆ ಸಂಭ್ರಮಪಟ್ಟರು. ವಿನಾಯಕ್ ಬರೆದ: "ಅಕ್ಕ, ಫೋನ್ ಕೆಳಗಿಟ್ಟು ರೊಟ್ಟಿ ಮಾಡಿ. ಟೈಮ್ ಆಯ್ತು."

ಮಾಡಿದರು. ಅವಳು ಒತ್ತಿದಂತೆ ಅವನು ಬೇಯಿಸಿದ, ಒಲೆಯ ಮುಂದೆ ಬೆವರಿನಲ್ಲಿ ತೊಯ್ದು ತೊಪ್ಪೆಯಾದ. ಎಣ್ಣೆಗಾಯಿ ಪಾತ್ರೆ, ಶೇಂಗಾ ಚಟ್ನಿ ಡಬ್ಬಿ, ಬಟ್ಟೆ ಸುತ್ತಿದ ರೊಟ್ಟಿ ಬುಟ್ಟಿಗಳನ್ನು ಆಟೋಗೆ ತುಂಬಿ ಹೊರಟರು. ಕ್ಯಾಂಟೀನಿನ ಬಾಗಿಲು ತೆರೆಯುವುದಕ್ಕೆ ಸರಿಯಾಗಿ ರೊಟ್ಟಿ ಮೇಜಿನ ಮೇಲಿತ್ತು.

ಮೊದಲು ಬಂದವರು ಅನುಮಾನದಿಂದ ಒಂದೊಂದು ತಗೊಂಡರು. ಆಮೇಲೆ ಕೊರಳಲ್ಲಿ ಕಾರ್ಡು ತೂಗಿಸಿಕೊಂಡ ಹುಡುಗಿಯೊಬ್ಬಳು ಖಾಲಿ ತಟ್ಟೆ ಹಿಡಿದು ವಾಪಸ್ ಬಂದಳು. "ಅಕ್ಕಾರ, ಇನ್ನೊಂದ್ ಹಾಕ್ರಿ. ನಮ್ಮವ್ವ ಮಾಡಿದಂಗ ಆಗೈತಿ." ಅವಳ ಹಿಂದೆ ಸಾಲು ಬೆಳೆಯಿತು. ಊಟದ ಹೊತ್ತು ಮುಗಿಯುವ ಮೊದಲೇ ಬುಟ್ಟಿಗಳು ಬರಿದಾದವು.

ಕ್ಯಾಂಟೀನಿನ ಮ್ಯಾನೇಜರ್ ಸುಜಯ್ ಬಂದು ಬುಟ್ಟಿಗಳನ್ನು ನೋಡಿದ. "ಮೇಡಂ, ನಾಳೆಯಿಂದ್ಲೇ ದಿನಾ ಬೇಕು. ಆಗುತ್ತಾ?"

"ಆಗತೈತ್ರಿ" ಎಂದಳು.

ಹೊರಗೆ ಆಟೋ ಹತ್ತಿರ ಬಂದಾಗ ಹಣಮಂತನ ಫೋನು ಬಡಿದುಕೊಂಡಿತು. ಪೇಂಟ್ ಶೆಡ್ಡಿನ ಸೂಪರ್‌ವೈಸರ್. ಹಣಮಂತ ಹೆದರಿ, ಕೆಮ್ಮಿ, ಏನು ನೆಪ ಹೇಳಲಿ ಎಂದು ಹೆಂಡತಿಯ ಮುಖ ನೋಡಿದ. ಅವಳು ಫೋನು ಕಸಿದುಕೊಂಡಳು.

"ಸಾರ್, ನಾ ಅವ್ರ ಮನಿಯಾಕಿ ಮಾತಾಡೋದ್ರಿ. ಹೌದ್ರಿ, ಇವತ್ತ ಬಂದಿಲ್ರಿ. ನಾಳೆನೂ ಬರಂಗಿಲ್ಲ. ಇನ್ನ ಮ್ಯಾಲ ಬರಂಗೇ ಇಲ್ರಿ, ಅವ್ರು ನನ್ನ ಕಡೆ ಕೆಲಸಕ್ಕ ಸೇರ್ಯಾರ."